ಕಂಬಂ ಕಣಿವೆಯಲ್ಲೇ ಪರೀಕ್ಷಿಸಿ

ಕಾಲೇಜಿಗೆ ವಿಡಿಯೊ ಪಾಠದ ಸೇವೆ ಆರಿಸುವವರಿಗೊಂದು ಕಿವಿಮಾತು. ತಮಿಳುನಾಡಿನ ದಿಂಡಿಗಲ್ ಬಳಿಯ ಗಾಂಧಿಗ್ರಾಮ ಗ್ರಾಮೀಣ ಸಂಸ್ಥೆಯಂಥ ಕಡೆ ಕಲಿಯುವ ಅನೇಕರ ಮನೆ ಹಳ್ಳಿಯಲ್ಲಿ. ಹಾಗಾಗಿ ಸೇವೆಯನ್ನು ಕಚೇರಿಯ ವೈಫೈನಲ್ಲಿ ನೋಡಿ ಒಪ್ಪಿಬಿಡಬೇಡಿ. ಕಂಬಂ ಕಣಿವೆಯಲ್ಲಿ ಮನೆಮಾತು ಕನ್ನಡವಾಗಿರುವ ಕಾಪ್ಪಿಲಿಯ ಸಮುದಾಯದ ಕುಟುಂಬವೊಂದರ ಹುಡುಗಿಯೊಬ್ಬಳ ಹಳೇ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲೇ, ಪೂರ್ತಿ ಒಂದು ತರಗತಿ ನಡೆಸಿ ನೋಡಿ. ಸಿಗ್ನಲ್ ಕುಂದಿ ಚಿತ್ರ ನಿಂತರೂ ಮೇಷ್ಟ್ರ ಮಾತು ಕೇಳಬೇಕು. ನನಗೆ ಮಿಕ್ಕೆಲ್ಲ ಸೌಲಭ್ಯ ಆಮೇಲೆ. ಬೋರ್ಡಿನ ಅಕ್ಷರ ಕಂಡಿತೇ, ಎಷ್ಟು ಎಂಬಿ ಖರ್ಚಾಯಿತು ಎಂದು ಅವಳನ್ನೇ ಕೇಳಿ. ಸಮಯದ ಮಿತಿಯನ್ನೂ ನೋಡಿಕೊಳ್ಳಿ: ಜೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ಮುಗಿಯುತ್ತದೆ. ಸರ್ವರ್ ನೋಡಿಕೊಳ್ಳುವವರಿದ್ದರೆ, ತರಗತಿಗೆಂದೇ ರೂಪಿಸಿದ ಮುಕ್ತ ತಂತ್ರಾಂಶ ಬಿಗ್‌ಬ್ಲೂಬಟನ್ ಇದೆ. ಅದಕ್ಕೆ ಲೈಸೆನ್ಸ್ ಶುಲ್ಕವಿಲ್ಲ. ರೆಕಾರ್ಡಿಂಗ್ ಎಲ್ಲಿ ಉಳಿಯುತ್ತದೆ, ಯಾರು ಅಳಿಸಬಹುದು ಎಂಬುದನ್ನು ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ.