ಪದರ ಪದರದ ದ್ರವ್ಯಗಳು

ಸೀಸದ ಕಡ್ಡಿಯನ್ನು ನಾವೆಲ್ಲರೂ ಬಲ್ಲೆವು. ಹೆಸರು ಹಾಗಿದ್ದರೂ ಅದರಲ್ಲಿ ಸೀಸವಿಲ್ಲ. ಜೇಡಿಮಣ್ಣಿನೊಡನೆ ಬೆರೆಸಿದ ಗ್ರಾಫೈಟು ಎಂಬ ಇಂಗಾಲವೇ ಅದರೊಳಗಿರುವುದು. ಕಾಗೆಬಂಗಾರವು ಹಾಳೆಹಾಳೆಯಾಗಿ ಬಿಡುವಂತೆ ಗ್ರಾಫೈಟೂ ಪದರಗಳಿಂದಾದುದು. ಒಂದೊಂದು ಪದರದ ದಪ್ಪವು ಒಂದೇ ಪರಮಾಣುವಿನಷ್ಟು. ಪದರದೊಳಗೆ ಪರಮಾಣುಗಳು ಜೇನುಗೂಡಿನ ಕಣ್ಣುಗಳಂತೆ ಆರು ಮೂಲೆಗಳಾಗಿ ಬಿಗಿಯಾಗಿ ಹೆಣೆದುಕೊಂಡಿವೆ. ಪದರಪದರಗಳ ನಡುವಣ ಹಿಡಿತವಾದರೋ ಸಡಿಲವಾದುದು. ಆದುದರಿಂದಲೇ ನಾವು ಬರೆಯುವಾಗ ಅವು ಜಾರಿ ಕಾಗದಕ್ಕೆ ಅಂಟುತ್ತವೆ. ಒಂದು ಮಿಲಿಮೀಟರು ದಪ್ಪದ ಗ್ರಾಫೈಟಿನಲ್ಲಿ ಸುಮಾರು ೩೦ ಲಕ್ಷ ಪದರಗಳುಂಟು.

ಹಾಗಾದರೆ ಒಂದೇ ಪದರವನ್ನು ಬೇರ್ಪಡಿಸಬಹುದೇ? ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಆಂದ್ರೆ ಗೈಮ್, ಕಾನ್‌ಸ್ಟಂಟಿನ್ ನೊವೊಸೆಲೊವ್ ಎಂಬವರೂ ಅವರ ಸಂಗಡಿಗರೂ ಸಾಧಾರಣವಾದ ಅಂಟುಪಟ್ಟಿಯನ್ನು ಗ್ರಾಫೈಟಿಗೆ ಹಚ್ಚಿ ಹಚ್ಚಿ ಕಿತ್ತು ಅದನ್ನು ಸಾಧಿಸಿ, ೨೦೦೪ರಲ್ಲಿ ಪ್ರಕಟಿಸಿದರು. ಆ ಹಾಳೆಗೆ ಗ್ರಾಫೀನ್ ಎಂದು ಹೆಸರು. ಇದಕ್ಕಾಗಿ ಅವರಿಬ್ಬರಿಗೂ ೨೦೧೦ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಇಂತಹ ಹಾಳೆಗಳು ಬೇರೆಯೂ ಉಂಟು. ಗ್ರಾಫೀನ್ ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ. ಬೋರಾನ್ ನೈಟ್ರೈಡಿನ ಹಾಳೆ ಅದನ್ನು ತಡೆಯುತ್ತದೆ. ಮಾಲಿಬ್ಡಿನಮ್ ಡೈಸಲ್ಫೈಡ್ ಅರೆವಾಹಕ. ಇವುಗಳನ್ನು ಬೇಕಾದ ಕ್ರಮದಲ್ಲಿ ಒಂದರ ಮೇಲೊಂದಿಟ್ಟು ಅತಿ ತೆಳ್ಳಗಿನ ವಿದ್ಯುದುಪಕರಣಗಳನ್ನೂ ಬೆಳಕನ್ನು ಗ್ರಹಿಸುವ ಸಾಧನಗಳನ್ನೂ ಪ್ರಯೋಗಶಾಲೆಗಳಲ್ಲಿ ರಚಿಸಿದ್ದಾರೆ.

ಕ್ರಮವು ಮಾತ್ರವಲ್ಲ, ಓರೆಯೂ ಮುಖ್ಯ. ಎರಡು ಗ್ರಾಫೀನ್ ಹಾಳೆಗಳನ್ನು ಸುಮಾರು ೧.೧ ಡಿಗ್ರಿಯಷ್ಟು, ಎಂದರೆ ಗಡಿಯಾರದ ನಿಮಿಷದ ಮುಳ್ಳು ೧೧ ಸೆಕೆಂಡುಗಳಲ್ಲಿ ಸರಿಯುವಷ್ಟು, ಓರೆಯಾಗಿರಿಸಿ ತಕ್ಕಷ್ಟು ಇಲೆಕ್ಟ್ರಾನುಗಳನ್ನು ಒದಗಿಸಿದರೆ, ಅವುಗಳಲ್ಲಿ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುವುದೆಂದು ಅಮೆರಿಕದ ಮೆಸ್ಯಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಾಬ್ಲೊ ಹರೀಯೊ-ಎರೆರೊ ಎಂಬವರ ತಂಡವು ೨೦೧೮ರಲ್ಲಿ ಪ್ರಕಟಿಸಿತು. ಆದರೆ ಇದು ಸೊನ್ನೆಗಿಂತ ೨೭೧ ಡಿಗ್ರಿ ಸೆಲ್ಸಿಯಸ್ ಕೆಳಗಿನ ಕಡುಶೈತ್ಯದಲ್ಲಿ ಮಾತ್ರ. ಇದಲ್ಲದೆ ಸುಕ್ಕೂ ಕೊಳೆಯೂ ಇಲ್ಲದ ದೊಡ್ಡ ಹಾಳೆಗಳನ್ನು ಒಂದೇ ಸಮನಾಗಿ ಜೋಡಿಸುವುದು ಇನ್ನೂ ಕಷ್ಟವಾದ ಕೆಲಸ. ಆದುದರಿಂದ ಇವುಗಳ ಪ್ರಯೋಜನವು ಬಹುಮಟ್ಟಿಗೆ ಮುಂದಿನ ಮಾತು.

ಹಾಗೆಂದು ಈ ಶ್ರಮವನ್ನು ವ್ಯರ್ಥವೆನ್ನಬಹುದೇ? ಅದೇ ಸಂಸ್ಥೆಯಲ್ಲಿ ಮಿಲ್ಡ್ರೆಡ್ ಡ್ರೆಸೆಲ್‌ಹೌಸ್ (೧೯೩೦–೨೦೧೭) ಎಂಬ ವಿದುಷಿಯಿದ್ದರು. ನ್ಯೂಯಾರ್ಕಿನ ಬಡ ಕುಟುಂಬದಲ್ಲಿ ಬೆಳೆದು, ನಾಲ್ವರು ಮಕ್ಕಳ ತಾಯಿಯಾಗಿ, ೧೯೬೦ರ ದಶಕದಲ್ಲಿಯೇ, ಕೆಲವರು ಮಾತ್ರ ಲಕ್ಷಿಸುತ್ತಿದ್ದ ಗ್ರಾಫೈಟನ್ನು ಅವರು ಅಭ್ಯಾಸಕ್ಕೆ ತೆಗೆದುಕೊಂಡರು. ಅದರ ಪದರಗಳ ನಡುವೆ ಬೇರೆ ದ್ರವ್ಯಗಳನ್ನು ಸೇರಿಸಿದರೆ ಏನಾಗುವುದೆಂದು ಬಹುಕಾಲ ಪರೀಕ್ಷಿಸಿದರು. ಇಂದು ಮನೆಮನೆಯ ಮೊಬೈಲ್ ಫೋನಿನ ಬ್ಯಾಟರಿಯನ್ನು ನೋಡಿರಿ: ಅದಕ್ಕೆ ವಿದ್ಯುತ್ತನ್ನು ತುಂಬುವಾಗ ಲಿಥಿಯಮ್ ಹೊಕ್ಕು ನಿಲ್ಲುವುದು ಸಾಮಾನ್ಯವಾಗಿ ಗ್ರಾಫೈಟಿನ ಪದರಗಳ ನಡುವೆಯೇ.

ಆದುದರಿಂದ, ವಿದ್ಯಾರ್ಥಿನಿಯರೇ, ‘ಇದರಿಂದೇನು ಪ್ರಯೋಜನ?’ ಎಂದು ಕೇಳುವುದಕ್ಕೆ ಮೊದಲು ‘ಇದು ಹೀಗೇಕಿದೆ?’ ಎಂದು ಕೇಳುವುದನ್ನು ಕಲಿಯೋಣ. ಅದಕ್ಕೆ ದೂರ ಹೋಗಬೇಕಾದುದಿಲ್ಲ. ಕೈಯಲ್ಲಿರುವ ಸೀಸದ ಕಡ್ಡಿಯೇ ಸಾಕು.