ಹದಿನಾಲ್ಕು ತುಂಡು ಕೊಯ್ದ ಮೇಲೆ

ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ನಾನು ಸಂಶೋಧನೆಗೆ ಸೇರಿದಾಗ ನನ್ನ ಪಾಲಿಗೆ ಬಂದದ್ದು ಎಪಾಕ್ಸಿ ಇನ್ಸುಲೇಷನ್. ರಾಳ, ಹಾರ್ಡನರ್ ಬೆರೆಸಿ, ವ್ಯಾಕ್ಯೂಮ್ ಪಂಪಿನಿಂದ ಗಾಳಿ ಎಳೆದು, ಅಚ್ಚಿಗೆ ಸುರಿದು, ರಾತ್ರಿಯಿಡೀ ಓವನ್ನಿನಲ್ಲಿ ಇಡಬೇಕು. ಎಷ್ಟು ಎಳೆದರೂ ಎಲ್ಲೋ ಒಂದು ಗುಳ್ಳೆ ಉಳಿದುಬಿಡಬಹುದು. ಅದೇ ಭಯ. ಚಪ್ಪಟೆ ಗುಳ್ಳೆಯೊಳಗಿನ ಗಾಳಿಯ ಮೇಲೆ ಬೀಳುವ ವಿದ್ಯುತ್ ಒತ್ತಡ ಸುತ್ತಲಿನ ಎಪಾಕ್ಸಿಗಿಂತ ಸುಮಾರು ನಾಲ್ಕು ಪಟ್ಟು. ಗಾಳಿ ತಡೆಯುವುದೋ, ಮಿಲಿಮೀಟರಿಗೆ ಸುಮಾರು 3 ಕೆವಿ ಅಷ್ಟೆ. ಹಾಗಾಗಿ ಎಪಾಕ್ಸಿ ಗಟ್ಟಿಯಾಗಿ ನಿಂತಿರುವಾಗಲೇ ಗುಳ್ಳೆಯೊಳಗೆ ಕಿಡಿ ಹಾರುತ್ತದೆ. ಪಾರ್ಷಿಯಲ್ ಡಿಸ್‌ಚಾರ್ಜ್ ಎಂದರೆ ಇದೇ. ನಮ್ಮ ಬಾಯಲ್ಲಿ ಪಿಡಿ. ಒಂದೊಂದು ಕಿಡಿಯೂ ಪಿಕೊಕೂಲಂಬ್ ಲೆಕ್ಕದಷ್ಟು ಸಣ್ಣದು. ಆದರೆ 50 ಹರ್ಟ್ಸ್‌ನಲ್ಲಿ ಸೆಕೆಂಡಿಗೆ ನೂರು ಅರ್ಧಾವರ್ತ. ಒಂದೊಂದರಲ್ಲೂ ಅದು ಎಪಾಕ್ಸಿಯನ್ನು ಚೂರುಚೂರೇ ಕೊರೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಆ ಕೊರೆತ ಬೇರು ಬಿಟ್ಟ ಹಾಗೆ ಕವಲೊಡೆದು ಕಾಣುತ್ತದೆ. ಒಂದು ಕವಲು ಆಚೆ ಬದಿ ಮುಟ್ಟಿದ ದಿನ ಇನ್ಸುಲೇಷನ್ ಮುಗಿಯಿತು.

ನನ್ನ ಮೊದಲ ಸ್ಯಾಂಪಲ್ 60 ಪಿಕೊಕೂಲಂಬ್ ತೋರಿಸಿತು. ಎರಡನೆಯದೂ ಅಷ್ಟೇ. ಪಂಪಿನ ಎಣ್ಣೆ ಬದಲಿಸಿದೆ, ಹಾರ್ಡನರ್ ಬದಲಿಸಿದೆ, ಓವನ್ನಿನ ಶಾಖ ಇಳಿಸಿದೆ. ಏನು ಮಾಡಿದರೂ ಅದೇ 60. ಒಂದೊಂದಾಗಿ ಹದಿನಾಲ್ಕು ತುಂಡುಗಳನ್ನು ಗರಗಸದಿಂದ ಕೊಯ್ದು, ಉಜ್ಜಿ ನುಣುಪು ಮಾಡಿ ನೋಡಿದೆ. ಒಂದರಲ್ಲೂ ಗುಳ್ಳೆ ಇರಲಿಲ್ಲ. ಎರಡು ತಿಂಗಳು ಹೋಗಿತ್ತು.

ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಂಡದ್ದು ಬರೀ ಸಂಖ್ಯೆ. ಕಿಡಿಗಳು ವೋಲ್ಟೇಜ್ ಅಲೆಯ ಯಾವ ಭಾಗದಲ್ಲಿ ಏಳುತ್ತವೆ ಎಂದು ಅಳತೆಯ ಯಂತ್ರ ದಿನವೂ ತೋರಿಸುತ್ತಿದ್ದ ಚಿತ್ರವನ್ನು ಸೇವ್ ಮಾಡಿದ್ದೆ, ನೋಡಿರಲಿಲ್ಲ. ಒಂದು ಸಂಜೆ ಹದಿನಾಲ್ಕನ್ನೂ ಸಾಲಾಗಿ ತೆರೆದೆ. ಗುಳ್ಳೆಯ ಕಿಡಿಗಳು ಅಲೆಯ ಎರಡೂ ಅರ್ಧದಲ್ಲಿ, ವೋಲ್ಟೇಜ್ ಏರುತ್ತಿರುವಾಗ ಕಾಣಬೇಕು. ನನ್ನವು ಧನ ಅರ್ಧದ ತುತ್ತತುದಿಯಲ್ಲಿ ಮಾತ್ರ ಗುಂಪುಗೂಡಿದ್ದವು. ಅದು ಗುಳ್ಳೆಯ ಗುರುತಲ್ಲ, ಬಯಲು ಗಾಳಿಯಲ್ಲಿ ಚೂಪು ತುದಿಯಿಂದ ಏಳುವ ಕೊರೊನಾದ ಗುರುತು. ಚೂಪು ತುದಿ ಹೈವೋಲ್ಟೇಜ್ ಕಡೆ ಇದ್ದರೆ ಕೊರೊನಾ ಮೊದಲು ಋಣ ಅರ್ಧದ ತುದಿಯಲ್ಲಿ ಕಾಣುತ್ತದೆ. ಧನ ತುದಿಯಲ್ಲಿ ಕಂಡರೆ ದೋಷ ಅರ್ಥ್ ಕಡೆಗಿದೆ.

ದೀಪ ಆರಿಸಿ, ಬೇಲಿಯ ಹೊರಗೆ ನಿಂತು ವೋಲ್ಟೇಜ್ ಏರಿಸಿದೆವು. ಕಣ್ಣು ಕತ್ತಲೆಗೆ ಹೊಂದಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಕಂಡಿತು: ಸ್ಯಾಂಪಲ್ ಪಕ್ಕದ ಅರ್ಥಿಂಗ್ ಪಟ್ಟಿಯ ಬುಡದಲ್ಲಿ ಸಾಸಿವೆಗಿಂತ ಸಣ್ಣ ನೇರಳೆ ಚುಕ್ಕಿ. ತಾಮ್ರದ ಎಳೆಗಳಿಂದ ಹೆಣೆದ ಆ ಪಟ್ಟಿಯ ಒಂದು ಎಳೆ ಕಡಿದು, ಕೂದಲಂತೆ ಮೇಲಕ್ಕೆ ಸೆಟೆದು ನಿಂತಿತ್ತು. ಕತ್ತರಿಯಿಂದ ಕತ್ತರಿಸಿದೆ. 60 ಹೋಗಿ 2ಕ್ಕೆ ಇಳಿಯಿತು.

ಅಂದಿನಿಂದ ಸ್ಯಾಂಪಲ್ ಇಡುವ ಮೊದಲು ಖಾಲಿ ಸೆಟಪ್ಪನ್ನೇ ಪೂರ್ತಿ ವೋಲ್ಟೇಜಿಗೆ ಏರಿಸಿ ನೋಡುತ್ತೇನೆ. ಗೊತ್ತಿರುವಷ್ಟು ಚಾರ್ಜ್ ಹಾಯಿಸಿ ಯಂತ್ರವನ್ನು ಸರಿಹೊಂದಿಸುವ ಕೆಲಸವನ್ನು ಪ್ರತಿ ಸ್ಯಾಂಪಲ್‌ಗೂ ಹೊಸದಾಗಿ ಮಾಡುತ್ತೇನೆ. ಸ್ಯಾಂಪಲ್ ಬದಲಾದರೆ ಕೆಪ್ಯಾಸಿಟೆನ್ಸ್ ಬದಲಾಗುತ್ತದೆ, ನಿನ್ನೆಯ ಲೆಕ್ಕ ಇವತ್ತಿಗೆ ನಡೆಯುವುದಿಲ್ಲ.

ಇನ್ನೊಂದು ಪಾಠ ಜೀವಕ್ಕೇ ಸಂಬಂಧಿಸಿದ್ದು. ಕೇಬಲ್ ತುಂಡೊಂದಕ್ಕೆ ಡಿಸಿ ವೋಲ್ಟೇಜ್ ಕೊಟ್ಟು ಪರೀಕ್ಷಿಸಿ, ಅರ್ಥಿಂಗ್ ರಾಡ್ ಒಂದು ನಿಮಿಷ ಮುಟ್ಟಿಸಿ ತೆಗೆದೆ. ತುದಿ ಬಿಚ್ಚಲು ಕೈ ಚಾಚಿದಾಗ ನಮ್ಮ ಸಹಾಯಕರು ಮಣಿಕಟ್ಟು ಹಿಡಿದು, "ಇನ್ನೂ ಜೀವ ಇದೆ ಸಾರ್, ಮುಟ್ಟಬೇಡಿ" ಎಂದರು. ರಾಡನ್ನು ಅವರು ಮತ್ತೆ ಹತ್ತಿರ ತಂದಾಗ ಚಟ್ ಎಂದು ಕಿಡಿ ಹಾರಿತು. ಇನ್ಸುಲೇಷನ್ ತನ್ನೊಳಗೆ ನಿಧಾನವಾಗಿ ಹೀರಿಕೊಂಡ ಚಾರ್ಜನ್ನು ನಿಧಾನವಾಗಿಯೇ ಬಿಡುತ್ತದೆ. ರಾಡ್ ತೆಗೆದರೆ ವೋಲ್ಟೇಜ್ ಮತ್ತೆ ಏರುತ್ತದೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆ ಹಿಡಿತ ಮಾತ್ರ ಇವತ್ತಿಗೂ ಮಣಿಕಟ್ಟಿನಲ್ಲಿದೆ. ಈಗ ಕೆಲಸ ಮುಗಿಯುವವರೆಗೂ ಅರ್ಥ್ ತೆಗೆಯುವುದಿಲ್ಲ.

ಹೊಸದಾಗಿ ಎರಕ ಹೊಯ್ದ ಎಂಟರಲ್ಲಿ ಏಳು ಸ್ಯಾಂಪಲ್‌ಗಳು ಸದ್ದಿಲ್ಲದೆ ಪಾಸಾದವು. ಎಂಟನೆಯದರ ಚಿತ್ರದಲ್ಲಿ ಎರಡೂ ಅರ್ಧದಲ್ಲಿ, ಏರುವ ಕಡೆ ಕಿಡಿಗಳು. ಕೊಯ್ಯುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದೆ: ಒಳಗೆ ಗುಳ್ಳೆ ಇದೆ. ಕೊಯ್ದು, ಉಜ್ಜಿ, ಸೂಕ್ಷ್ಮದರ್ಶಕದಡಿ ಇಟ್ಟೆ. ಅಚ್ಚಿನ ಅಂಚಿನ ಬಳಿ ಇತ್ತು, ರಾಗಿ ಕಾಳಿನ ಕಾಲುಭಾಗದಷ್ಟು. ಅದರ ಗೋಡೆ ಆಗಲೇ ಮಂಕಾಗಿತ್ತು.