ತುಂಬಿದ ಹೊಟ್ಟೆ, ಸೊರಗಿದ ಮೈ
ಮಕ್ಕಳ ತಟ್ಟೆಯಲ್ಲಿ ಏನಿರಬೇಕು?

ಅನ್ನವನ್ನು ಪ್ರಸಾದವೆಂದು ಭಾವಿಸುವುದು ಶರಣರು ನಮಗೆ ಕಲಿಸಿದ ಪಾಠ. ಕಾಯಕದಿಂದ ದೊರೆತದ್ದನ್ನು ಹಂಚಿ ಉಣ್ಣುವ ದಾಸೋಹದ ಹೆಸರನ್ನೇ ನಮ್ಮ ರಾಜ್ಯವು ಶಾಲೆಯ ಬಿಸಿಯೂಟಕ್ಕೂ ಇರಿಸಿದೆ. ಹಸಿದವರಿಗೆ ಉಣಬಡಿಸುವುದರಲ್ಲಿ ನಮ್ಮ ಊರುಗಳು ಎಂದೂ ಹಿಂದೆ ಬಿದ್ದವಲ್ಲ. ಹಾಗಿದ್ದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 33 ಮಕ್ಕಳಿಗೆ ತಕ್ಕ ತೂಕವಿಲ್ಲ. 65ಕ್ಕೂ ಹೆಚ್ಚು ಮಕ್ಕಳಲ್ಲಿ ರಕ್ತಹೀನತೆಯಿದೆ. ಅದೇ ವೇಳೆಗೆ, ಸಂಖ್ಯೆಯಲ್ಲಿ ಇನ್ನೂ ಚಿಕ್ಕದಾದರೂ, ಅತಿತೂಕದ ಮಕ್ಕಳ ಪ್ರಮಾಣ ಹಿಂದಿನ ಸಮೀಕ್ಷೆಗಿಂತ ಏರಿದೆ.

ಸೊರಗಿದ ಮಗು ಮತ್ತು ಬೊಜ್ಜು ಬಂದ ಮಗು ಎರಡು ಬೇರೆ ಲೋಕದವರೆಂದು ನಾವು ತಿಳಿಯುತ್ತೇವೆ. ಆದರೆ ಎಷ್ಟೋ ವೇಳೆ ಇಬ್ಬರ ತಟ್ಟೆಯ ದೋಷವೂ ಒಂದೇ: ಹೊಟ್ಟೆ ತುಂಬಿಸುವ ಪಿಷ್ಟ ಮತ್ತು ಸಕ್ಕರೆ ಹೆಚ್ಚು, ಮೈ ಕಟ್ಟುವ ಬೇಳೆಕಾಳು, ಹಾಲು, ಸೊಪ್ಪು ಕಡಿಮೆ. ಒಬ್ಬನಿಗೆ ಆ ಊಟವೂ ಸಾಲದು, ಇನ್ನೊಬ್ಬನಿಗೆ ಅದೇ ಮಿತಿಮೀರಿದೆ.

ಬೆಳೆಯುವುದು ಇಲ್ಲಿ, ಉಣ್ಣುವವರು ಎಲ್ಲೋ

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ರಾಗಿ, ಹುರುಳಿ, ಅವರೆ, ಕಡಲೆಕಾಯಿ, ಬಾಳೆ, ಬಗೆಬಗೆಯ ತರಕಾರಿ ಬೆಳೆಯುತ್ತವೆ. ತೆರಕಣಾಂಬಿಯ ಮಾರುಕಟ್ಟೆಯಿಂದ ತರಕಾರಿ ತುಂಬಿದ ಲಾರಿಗಳು ಕೇರಳದತ್ತ ಸಾಗುತ್ತವೆ. ಕರೆದ ಹಾಲು ಬೆಳಗು ಸಂಜೆ ಡೈರಿಗೆ ಹೋಗುತ್ತದೆ. ಮಾರುವುದು ತಪ್ಪಲ್ಲ, ಅದರಿಂದಲೇ ಸಂಸಾರ ನಡೆಯಬೇಕು. ಆದರೆ ಹಾಲು ಮಾರಿದ ಹಣದಲ್ಲಿ ಮಗುವಿಗೆ ಬಿಸ್ಕತ್ತು, ಕುರುಕಲು ಪೊಟ್ಟಣ ಬಂದರೆ ಆ ವ್ಯಾಪಾರದಲ್ಲಿ ನಷ್ಟ ಮಗುವಿನದು. ಡೈರಿಯ ಕ್ಯಾನಿಗೆ ಸುರಿಯುವ ಮುನ್ನ ಮಗುವಿನ ಲೋಟ ತುಂಬಲಿ. ಸಂತೆಗೆ ಹೊರಡುವ ಮುನ್ನ ಒಂದು ಕಟ್ಟು ಸೊಪ್ಪು ಅಡುಗೆಮನೆಯಲ್ಲಿ ಉಳಿಯಲಿ.

ಮೊದಲ ಸಾವಿರ ದಿನ

ತಾಯಿಯ ಗರ್ಭದಿಂದ ಮಗುವಿಗೆ ಎರಡು ವರ್ಷ ತುಂಬುವವರೆಗಿನ ಸಾವಿರ ದಿನಗಳಲ್ಲಿ ಮಿದುಳು ಮತ್ತು ಮೂಳೆ ಅತಿ ವೇಗವಾಗಿ ಬೆಳೆಯುತ್ತವೆ. ಈ ಅವಧಿಯಲ್ಲಿ ಕುಂಠಿತವಾದ ಎತ್ತರವನ್ನು ಮುಂದೆ ಪೂರ್ತಿಯಾಗಿ ಗಳಿಸುವುದು ಕಷ್ಟ. ಆದ್ದರಿಂದ ಬಸುರಿಯ ಊಟವೇ ಮಗುವಿನ ಮೊದಲ ಊಟ. ಹುಟ್ಟಿದ ಮೇಲೆ ಆರು ತಿಂಗಳು ಎದೆಹಾಲು ಮಾತ್ರ ಸಾಕು, ನೀರೂ ಬೇಡ. ಬೆಟ್ಟದ ಜೇನು ಎಷ್ಟೇ ಶುದ್ಧವಾಗಿದ್ದರೂ ಒಂದು ವರ್ಷದೊಳಗಿನ ಕೂಸಿಗೆ ನೆಕ್ಕಿಸಬಾರದು. ಆರು ತಿಂಗಳು ತುಂಬಿದೊಡನೆ ಮೇಲಾಹಾರ ಆರಂಭಿಸಿ, ಎರಡು ವರ್ಷದವರೆಗೂ ಎದೆಹಾಲು ಮುಂದುವರಿಸಬೇಕು.

ಮೇಲಾಹಾರಕ್ಕೆ ನಮ್ಮ ಕಡೆ ರಾಗಿ ಸರಿಯೇ ಮೊದಲು. ಮಲೆಯ ಮಾದಪ್ಪನೂ ಸುತ್ತೂರು ಮಠದಲ್ಲಿ ರಾಗಿ ಬೀಸಿದನೆಂದು ಜನಪದರು ಹಾಡುತ್ತಾರೆ. ಅಷ್ಟು ಹಳೆಯದು ಈ ನೆಲಕ್ಕೂ ರಾಗಿಗೂ ಇರುವ ನಂಟು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಅಕ್ಕಿ, ಗೋಧಿ ಇದರ ಹತ್ತಿರವೂ ಬರಲಾರವು. ಆದರೆ ಬರಿಯ ರಾಗಿಹಿಟ್ಟಿನ ಸರಿಯಲ್ಲಿ ಒಂದು ತೊಡಕಿದೆ. ಕುದಿಯುತ್ತಲೇ ಅದು ಗಟ್ಟಿಯಾಗುತ್ತದೆ. ತಾಯಿ ನೀರು ಬೆರೆಸಿ ತೆಳುವಾಗಿಸುತ್ತಾಳೆ. ಕೂಸಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿಹೋಗುತ್ತದೆ.

ಇದಕ್ಕೆ ಪರಿಹಾರ ಮೊಳಕೆ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಂದೆರಡು ದಿನದಲ್ಲಿ ಮೊಳಕೆ ಬಂದ ಮೇಲೆ ಚೆನ್ನಾಗಿ ಒಣಗಿಸಬೇಕು. ಮೊಳಕೆಯನ್ನು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಬೇಕು. ಹೆಸರುಕಾಳನ್ನೂ ಹೀಗೆಯೇ ಮಾಡಿ, ಎರಡು ಪಾಲು ರಾಗಿಗೆ ಒಂದು ಪಾಲು ಹೆಸರಿನ ಹಿಟ್ಟು ಬೆರೆಸಬೇಕು. ಮೊಳೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆಯುತ್ತದೆ; ಹಿಟ್ಟು ಹೆಚ್ಚು ಹಾಕಿದರೂ ಸರಿ ತೆಳುವಾಗಿಯೇ ಇರುತ್ತದೆ. ಕಬ್ಬಿಣಾಂಶವೂ ದೇಹಕ್ಕೆ ಸುಲಭವಾಗಿ ದಕ್ಕುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಮೊಳಕೆ ರಾಗಿ ಮತ್ತು ಹೆಸರಿನ ಶಿಶು ಆಹಾರವನ್ನು ಈ ತತ್ತ್ವದ ಮೇಲೆಯೇ ರೂಪಿಸಿದರು. ಬಡಿಸುವಾಗ ಒಂದು ಚಮಚ ತುಪ್ಪ ಸೇರಿಸಿದರೆ ಶಕ್ತಿ ಮತ್ತಷ್ಟು ಹೆಚ್ಚುತ್ತದೆ. ಎರಡು ವರ್ಷದೊಳಗಿನ ಮಗುವಿನ ಸರಿಗೆ ಸಕ್ಕರೆ, ಬೆಲ್ಲ ಬೇಡ. ಕಿವುಚಿದ ಬಾಳೆಹಣ್ಣಿನ ಸಿಹಿ ಸಾಕು.

ಬಾಳೆಹಣ್ಣು ಮೊಟ್ಟೆಗೆ ಸಮವೇ?

ಶಾಲೆಯಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡಲಾಗುತ್ತದೆ. ಸಸ್ಯಾಹಾರ ನಮ್ಮ ಸಂಸ್ಕಾರ, ಅದನ್ನು ಬಿಡಬೇಕಾಗಿಲ್ಲ. ಆದರೆ ಲೆಕ್ಕವನ್ನು ತಿಳಿದಿರಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ ಮಾತ್ರ. ಉಳಿದ ಐದು ಗ್ರಾಮಿನ ಹೊಣೆ ಮನೆಯದು. ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ಕಡಲೆಕಾಯಿ ಬೀಜ ಆ ಕೊರತೆಯನ್ನು ತುಂಬಬಲ್ಲದು. ಒಂದು ಲೋಟ ಹಾಲೂ ತುಂಬಬಲ್ಲದು. ಚಿಕ್ಕ ಮಕ್ಕಳಿಗೆ ಕಡಲೆಕಾಯಿಯನ್ನು ಇಡಿಯಾಗಿ ಕೊಡದೆ ಕುಟ್ಟಿ ಪುಡಿ ಮಾಡಿ ಕೊಡಬೇಕು, ಇಲ್ಲವಾದರೆ ಗಂಟಲಲ್ಲಿ ಸಿಕ್ಕೀತು.

ರಾಗಿಮುದ್ದೆಗೆ ಹುರುಳಿಸಾರು, ಅವರೆಕಾಳಿನ ಸಾರು, ಮಸ್ಸೊಪ್ಪು ಜೊತೆಯಾದದ್ದು ರುಚಿಗಾಗಿ ಮಾತ್ರವಲ್ಲ. ಧಾನ್ಯದ ಪ್ರೋಟೀನಿನಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶ ಕಾಳುಗಳಲ್ಲಿ ಹೇರಳ. ಎರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ನೀಗುತ್ತದೆ. ಆದರೆ ಬಡಿಸುವಾಗ ತಿಳಿಸಾರು ಮಗುವಿಗೆ, ಗಟ್ಟಿ ಕಾಳು ಹಿರಿಯರಿಗೆ ಆಗಬಾರದು. ಬಿ12 ಜೀವಸತ್ವ ಸಸ್ಯಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಯಿಂದಲೇ ದೊರೆಯಬೇಕು. ಊಟಕ್ಕೆ ನಿಂಬೆರಸ ಹಿಂಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೂಡುತ್ತದೆ. ಊಟದೊಡನೆ ಚಹಾ ಕುಡಿದರೆ ಅದು ವ್ಯರ್ಥವಾಗುತ್ತದೆ.

ಗುಂಡಗಿದ್ದರೆ ಆರೋಗ್ಯವೇ?

ಗುಂಡಗಿರುವ ಮಗುವೇ ಆರೋಗ್ಯವಂತ ಎಂಬ ನಂಬಿಕೆ ಈಗ ಹಾನಿ ಮಾಡುತ್ತಿದೆ. ಇನ್ನೂರು ಮಿಲಿ ಲೀಟರ್ ತಂಪು ಪಾನೀಯದಲ್ಲಿ ಸಾಮಾನ್ಯವಾಗಿ ನಾಲ್ಕೈದು ಚಮಚ ಸಕ್ಕರೆ ಇರುತ್ತದೆ. ಅದರೊಡನೆ ಎಣ್ಣೆಯಲ್ಲಿ ಕರಿದ ತಿಂಡಿ, ಮೊಬೈಲ್ ಮುಂದೆ ಊಟ, ಆಟವಿಲ್ಲದ ಸಂಜೆ ಸೇರಿದರೆ ಬೊಜ್ಜು ಬೆಳೆಯದೆ ಇರದು. ಅಂತಹ ಮಗುವಿನಲ್ಲಿಯೂ ರಕ್ತಹೀನತೆ ಇರಬಹುದು. ಉಪವಾಸ ಕೆಡವುವುದು, ಎಲ್ಲರೆದುರು ಹಂಗಿಸುವುದು ಮದ್ದಲ್ಲ. ಪೊಟ್ಟಣಗಳು ಇಡೀ ಮನೆಯಿಂದಲೇ ದೂರವಾಗಬೇಕು. ದಿನಕ್ಕೆ ಒಂದು ಗಂಟೆಯಾದರೂ ಮಗು ಬಯಲಿನಲ್ಲಿ ಓಡಿ ಆಡಬೇಕು. ಪ್ರಸಾದವನ್ನು ಬಿಸಾಡಬಾರದೆಂಬ ಶಿಸ್ತು ಒಳ್ಳೆಯದು. ಅದಕ್ಕಾಗಿ ಮೊದಲು ಸ್ವಲ್ಪವೇ ಬಡಿಸಿ, ಕೇಳಿದರೆ ಮತ್ತೆ ಬಡಿಸೋಣ. ಹೊಟ್ಟೆ ತುಂಬಿತೆಂದ ಮಗುವಿಗೆ ತುರುಕುವುದು ಬೇಡ.

ಕಣ್ಣಳತೆ ಸಾಲದು

1975ರ ಅಕ್ಟೋಬರ್ 2ರಂದು ಕರ್ನಾಟಕದ ಮೊದಲ ಅಂಗನವಾಡಿಗಳು ಆರಂಭವಾದದ್ದು ನಮ್ಮ ನೆರೆಯ ತಿರುಮಕೂಡಲು ನರಸೀಪುರದಲ್ಲಿ. ಅಂದಿನಿಂದಲೂ ಅಂಗನವಾಡಿಯ ತಕ್ಕಡಿ ಹೇಳುವ ಮಾತನ್ನು ನಾವು ಸರಿಯಾಗಿ ಕೇಳಿಸಿಕೊಂಡಿಲ್ಲ. "ನಮ್ಮ ವಂಶದವರೆಲ್ಲ ಸಣ್ಣಗೇ ಇರುವುದು" ಎಂದು ತಳ್ಳಿಹಾಕುವ ಮುನ್ನ ಬೆಳವಣಿಗೆಯ ನಕ್ಷೆಯನ್ನು ನೋಡಬೇಕು. ತೂಕದ ಗೆರೆ ಹಸಿರು ಪಟ್ಟಿಯಿಂದ ಹಳದಿಗೆ, ಕಿತ್ತಳೆಗೆ ಇಳಿಯುತ್ತಿದ್ದರೆ, ಅಥವಾ ಎರಡು ಮೂರು ತಿಂಗಳು ಏರದೆ ನಿಂತರೆ, ವೈದ್ಯರನ್ನು ಕಾಣಬೇಕು. ಆರು ತಿಂಗಳಿಂದ ಐದು ವರ್ಷದವರೆಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ಅಥವಾ ಎರಡೂ ಪಾದಗಳಲ್ಲಿ ಬಾವು ಕಂಡರೆ, ಅದು ತೀವ್ರ ಅಪೌಷ್ಟಿಕತೆ. ತಡಮಾಡದೆ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕರೆದೊಯ್ಯಬೇಕು. ಶಾಲೆಗೆ ಹೋಗುವ ಮಗುವಿನ ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಹೆಚ್ಚಿದ್ದರೆ ಅದೂ ಎಚ್ಚರಿಕೆಯ ಗಂಟೆಯೇ.

ದಾಸೋಹವೆಂದರೆ ಹೊಟ್ಟೆ ತುಂಬಿಸುವುದಷ್ಟೇ ಅಲ್ಲ, ಉಂಡವರ ಬದುಕನ್ನು ಬೆಳೆಸುವುದು. ಅದು ನಮ್ಮ ಮನೆಯ ಪುಟ್ಟ ತಟ್ಟೆಯಿಂದಲೇ ಆರಂಭವಾಗಲಿ. ಇಂದು ರಾತ್ರಿ ಬಡಿಸುವ ಮುನ್ನ ಆ ತಟ್ಟೆಯನ್ನು ಒಮ್ಮೆ ನೋಡೋಣ: ಅದರಲ್ಲಿ ಕಾಳು ಇದೆಯೇ, ಸೊಪ್ಪು ಇದೆಯೇ, ಹಾಲು ಅಥವಾ ಮೊಸರು ಇದೆಯೇ?